ಮನೆಗೆ ತಾರದ ಸೊಪ್ಪು

ಬೆಳಗಿನಿಂದ ಸಂಜೆಯವರೆಗೆ ಊರಿಗೆಲ್ಲ ತರಕಾರಿ ಹೆಚ್ಚಿ ಕೊಡುವವಳ ಮನೆಯಲ್ಲಿ ಒಂದು ಹಿಡಿ ಸೊಪ್ಪು ಬೇಯುವುದಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ಬೇಡ ಎನ್ನುವುದಿಲ್ಲ. ಕಥೆ ಪೂರ್ತಿ ಕೇಳಿದ ಮೇಲೂ ನಗು ಉಳಿದಿದ್ದರೆ ಇನ್ನೊಂದು ಸಲ ನಗಿ.

ಅವಳು ಕೆಲಸ ಮಾಡುತ್ತಿದ್ದದ್ದು ದೊಡ್ಡ ಪಟ್ಟಣದ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಡುಗೆಗೆ ಪುರುಸೊತ್ತಿಲ್ಲದವರಿಗಾಗಿ ತರಕಾರಿಯನ್ನು ತೊಳೆದು, ಒಂದೇ ಅಳತೆಗೆ ಹೆಚ್ಚಿ, ಡಬ್ಬಿಯಲ್ಲಿ ತುಂಬಿ ಮಾರುವ ಅಂಗಡಿ ಅದು. ಸ್ಟೀಲಿನ ಉದ್ದನೆಯ ಮೇಜು, ಅದರ ಎರಡೂ ಬದಿಗೆ ತಲೆಗೆ ಬಲೆಟೋಪಿ ಹಾಕಿಕೊಂಡು ನಿಂತ ಹೆಂಗಸರು, ಕಾಲಡಿಯಲ್ಲಿ ಸದಾ ಒದ್ದೆ ನೆಲ. ಅವರ ಪೈಕಿ ಇವಳ ಕೈ ಎಲ್ಲರಿಗಿಂತ ಚುರುಕು. ಮಾತಾಡುತ್ತಲೇ ಕ್ಯಾರೆಟ್ ಹೆಚ್ಚುತ್ತಾಳೆ, ನಗುತ್ತಲೇ ಈರುಳ್ಳಿ ಹೆಚ್ಚುತ್ತಾಳೆ, ಕಣ್ಣಲ್ಲಿ ಒಂದು ಹನಿ ನೀರು ಬರುವುದಿಲ್ಲ. ಹಾಗಾಗಿ ಅವಳಿಗೆ ಮಿಷನಕ್ಕ ಎಂದು ಹೆಸರು ಬಿದ್ದಿತ್ತು.

ಡಬ್ಬಿಗೆ ಹೋಗುವುದು ಗೆಡ್ಡೆ, ಹೂವು, ಕಾಯಿ ಮಾತ್ರ. ಮೂಲಂಗಿಯ ಸೊಪ್ಪು, ಹೂಕೋಸಿನ ಸುತ್ತಲ ಹಸಿರೆಲೆ, ಎಳೆ ದಂಟು, ಕುಂಬಳದ ಬೀಜ ಇವಕ್ಕೆಲ್ಲ ಡಬ್ಬಿಯಲ್ಲಿ ಜಾಗವಿಲ್ಲ. ಸೊಟ್ಟಗಿರುವ ಸೌತೆಕಾಯಿಗೂ ಇಲ್ಲ. ಅಂಗಡಿಯ ಯಜಮಾನ ಈ ವಿಷಯದಲ್ಲಿ ಧಾರಾಳಿ. “ಬೇಕಾದವರು ಮನೆಗೆ ತಗೊಂಡು ಹೋಗಿ, ಉಳಿದದ್ದು ಮೇಕೆಯವನಿಗೆ” ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದ. ಸಂಜೆ ಊರಾಚೆಯಿಂದ ಮೇಕೆ ಸಾಕುವವನೊಬ್ಬ ಗಾಡಿ ತರುತ್ತಿದ್ದ. ಅವನ ಮೇಕೆಗಳು ಆ ಬೀದಿಯ ಮಕ್ಕಳಿಗಿಂತ ದುಂಡಗಿದ್ದವು ಎಂದರೆ ಸುಳ್ಳಲ್ಲ.

ಎಲ್ಲ ಹೆಂಗಸರೂ ಆಗೀಗ ಒಂದಿಷ್ಟು ಒಯ್ಯುತ್ತಿದ್ದರು. ಪ್ರತಿದಿನ ತಪ್ಪದೆ ಒಯ್ಯುತ್ತಿದ್ದವಳು ಎದುರುಗಡೆ ನಿಲ್ಲುತ್ತಿದ್ದ ಹಿರಿಯ ಹೆಂಗಸು. ಅವಳ ಹೆಗಲಿಗೆ ಬಟ್ಟೆಚೀಲ ಇಲ್ಲದ್ದನ್ನು ಯಾರೂ ಕಂಡಿಲ್ಲ, ಹಾಗಾಗಿ ಅವಳು ಚೀಲದಕ್ಕ. ಒಂದು ಎಲೆಯನ್ನೂ ಒಯ್ಯದವಳು ಮಿಷನಕ್ಕ ಒಬ್ಬಳೇ.

“ಈ ಎಲೆ ನೋಡೇ ಎಷ್ಟು ಎಳೆಯದಿದೆ” ಎಂದು ಚೀಲದಕ್ಕ ಹೂಕೋಸಿನ ಎಲೆಯನ್ನು ಎತ್ತಿ ತೋರಿಸುತ್ತಿದ್ದಳು. “ಎರಡು ಮಕ್ಕಳ ತಾಯಿ ನೀನು. ತಗೊಂಡು ಹೋಗು. ದುಡ್ಡು ಕೊಟ್ರೂ ಇಷ್ಟು ತಾಜಾ ಸಿಗಲ್ಲ.”

“ನಮ್ಮನೇಲಿ ಮೇಕೆ ಕಟ್ಟಿಲ್ಲಕ್ಕ” ಎನ್ನುತ್ತಿದ್ದಳು ಮಿಷನಕ್ಕ. ಮೇಜಿನ ಸುತ್ತ ನಗು ಏಳುತ್ತಿತ್ತು. ಚೀಲದಕ್ಕನೂ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಎಲೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

ಮಿಷನಕ್ಕನಿಗೆ ಸೊಕ್ಕು ಎಂದು ಬೇರೆಯವರು ಅಂದುಕೊಂಡಿದ್ದರು. ಸೊಕ್ಕಲ್ಲ, ಅದು ಹಳೆಯ ಗಾಯ. ಅವಳು ಚಿಕ್ಕವಳಿದ್ದಾಗ ಅವಳ ತಾಯಿ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ, ನೆಲದ ಮೇಲೆ ಬಿದ್ದಿದ್ದನ್ನು ಆರಿಸಿ ತಂದು ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದಳು. ಶಾಲೆಯಲ್ಲಿ ಯಾರೋ ಅದನ್ನು ನೋಡಿದರು. ಅಂದಿನಿಂದ ಇವಳು ತರಗತಿಗೆ ಬಂದರೆ ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ‘ನನ್ನ ಮಕ್ಕಳು ಬೇರೆಯವರು ಬಿಟ್ಟಿದ್ದನ್ನು ತಿನ್ನಬಾರದು’ ಎಂದು ಆಗಲೇ ಆ ಪುಟ್ಟ ಹುಡುಗಿ ಹಟ ತೊಟ್ಟಿದ್ದಳು. ಮಕ್ಕಳೇ ಇಲ್ಲದ ವಯಸ್ಸಿನಲ್ಲಿ ತೊಟ್ಟ ಹಟ, ಮಕ್ಕಳಾದ ಮೇಲೆ ಬಿಡುತ್ತದೆಯೇ?

ಹಾಗಾಗಿ ಅವಳ ಮನೆಗೆ ಬರುತ್ತಿದ್ದದ್ದು ಎಲ್ಲ ಅಂಗಡಿಯದು, ಎಲ್ಲ ಸೀಲು ಹಾಕಿದ್ದು. ಬೆಳಗ್ಗೆ ಬಿಳಿ ಬ್ರೆಡ್ಡು, ಸಿಹಿ ಚಹಾ. ಮಧ್ಯಾಹ್ನಕ್ಕೆ ಮಕ್ಕಳ ಚೀಲದಲ್ಲಿ ಬಣ್ಣದ ಕಾಗದದ ಕುರುಕಲು. ಸಂಜೆ ಬಿಸ್ಕತ್ತು, ಮತ್ತೆ ಚಹಾ. ರಾತ್ರಿ ಅನ್ನ, ಜೊತೆಗೆ ಬಿಸಿನೀರಿಗೆ ಹಾಕಿದರೆ ಆಗಿಬಿಡುವ ಪೊಟ್ಟಣದ ಸಾರು. ಅವಳ ಗಂಡ ಬಸ್ ಡಿಪೋದಲ್ಲಿ ಚಕ್ರ ಬಿಚ್ಚಿ ಹಾಕುವ ಕೆಲಸದವನು, ತಟ್ಟೆಗೆ ಏನು ಬಿದ್ದರೂ ತಕರಾರಿಲ್ಲದ ಪ್ರಾಣಿ. “ನಮ್ಮ ಮಕ್ಕಳು ಯಾರಿಗೇನು ಕಡಿಮೆ?” ಎಂದು ಅವನೇ ಹೆಮ್ಮೆ ಪಡುತ್ತಿದ್ದ. ಸಂಬಳದ ದೊಡ್ಡ ಪಾಲು ಈ ಪೊಟ್ಟಣಗಳಿಗೇ ಹೋಗುತ್ತಿತ್ತು. ಬೇಳೆ, ಮೊಟ್ಟೆ ಎಂದರೆ “ಈಗಿನ ರೇಟಲ್ಲಿ ಯಾರ ಕೈಲಾಗುತ್ತೆ” ಎಂದು ಗಂಡ ಹೆಂಡತಿ ಇಬ್ಬರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು.

ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಇನ್ನೂ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಳು. ದೊಡ್ಡವಳು ಓದು ಮುಗಿಸಿ ಮೊದಲು ಒಂದು ಬಟ್ಟೆ ಅಂಗಡಿಯಲ್ಲಿ, ಆಮೇಲೆ ಇನ್ನೊಂದರಲ್ಲಿ ಕೆಲಸ ಮಾಡಿ ಎರಡನ್ನೂ ಬಿಟ್ಟಿದ್ದಳು. ಅವಳ ಮನಸ್ಸೆಲ್ಲ ಇದ್ದದ್ದು ಅಗ್ನಿಶಾಮಕ ದಳದ ಮೇಲೆ. ಅವರ ವಠಾರದ ಮೂರನೇ ಮಹಡಿಯಲ್ಲಿ ಒಮ್ಮೆ ಸ್ಟೋವ್ ಸಿಡಿದಾಗ ಏಣಿ ಹತ್ತಿ ಬಂದವರಲ್ಲಿ ಒಬ್ಬಳು ಹೆಂಗಸು. ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡು, ಹೆದರಿ ನಿಂತಿದ್ದ ಈ ಹುಡುಗಿಯ ಕೆನ್ನೆ ತಟ್ಟಿ ಹೋಗಿದ್ದಳು. ಅಷ್ಟೇ ಸಾಕಾಯಿತು. ಅಂದಿನಿಂದ ಬೇರೆ ಮಾತಿಲ್ಲ.

ಅವಳು ಸುಮ್ಮನೆ ಕನಸು ಕಾಣುವ ಪೈಕಿಯಲ್ಲ. ನೀರು ತುಂಬಿದ ಕ್ಯಾನು ಹೆಗಲ ಮೇಲಿಟ್ಟುಕೊಂಡು ದಿನವೂ ವಠಾರದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ನೆರೆಯವರಿಗೆ ಅದೊಂದು ತಮಾಷೆ. “ನಮ್ಮ ಮನೆಗೂ ಎರಡು ಕ್ಯಾನು ಹಾಕಿಹೋಗಮ್ಮ, ಪುಣ್ಯ ಬರುತ್ತೆ” ಎನ್ನುತ್ತಿದ್ದರು. ಅವಳು ಹಾಕಿಯೂ ಹೋಗುತ್ತಿದ್ದಳು. ಆದರೆ ಕೊನೆಯ ಮಹಡಿ ಮುಟ್ಟುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಎದೆ ಡವಗುಟ್ಟುತ್ತಿತ್ತು, ಕಣ್ಣು ಕತ್ತಲಿಡುತ್ತಿತ್ತು.

“ಅಮ್ಮಾ, ಮೇಲೆ ಹೋದ್ರೆ ತಲೆ ಗಿರ್ ಅನ್ನುತ್ತೆ” ಎಂದರೆ, “ಫೋನು ನೋಡೋದು ಕಡಿಮೆ ಮಾಡು, ಎಲ್ಲ ಸರಿ ಹೋಗುತ್ತೆ” ಎಂಬ ಉತ್ತರ ಸಿಗುತ್ತಿತ್ತು.

ಅವಳಿಗೆ ಇನ್ನೊಂದು ಚಾಳಿಯಿತ್ತು. ಅಕ್ಕಿ ಡಬ್ಬಿಯ ಬಳಿ ಹೋದಾಗೆಲ್ಲ ಒಂದು ಹಿಡಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಂಡು ಕಟಕಟ ಅಗಿಯುತ್ತಿದ್ದಳು. ಮಿಷನಕ್ಕ ಕೈ ಮೇಲೆ ಹೊಡೆಯುತ್ತಿದ್ದಳು. “ಇಲಿ ಹುಟ್ಟಬೇಕಾದ ಜಾಗದಲ್ಲಿ ನೀನು ಹುಟ್ಟಿದೀಯ ನೋಡು” ಎಂದು ಬೈಯುತ್ತಿದ್ದಳು. ಆ ಚಾಳಿ ತಾನೇ ಒಂದು ದೂರು, ಮೈಯೊಳಗಿನ ರಕ್ತ ಬಾಯಿಬಿಟ್ಟು ಹೇಳುತ್ತಿರುವ ದೂರು ಎಂದು ಅವಳಿಗೆ ಯಾರು ಹೇಳಬೇಕಿತ್ತು?

ರಕ್ತದ ವಿಷಯ ಹೇಳಿದವಳೂ ಇದ್ದಳು. ಅದೇ ಈ ಕಥೆಯ ಸಂಕಟ.

ಒಮ್ಮೆ ದೊಡ್ಡವಳು ಮನೆಯ ಬೀಗದ ಕೈ ಕೇಳಲು ಅಂಗಡಿಗೆ ಬಂದಿದ್ದಳು. ಚೀಲದಕ್ಕ ಅವಳನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಕೈ ತೊಳೆದು ಬಂದು, ಹೆಬ್ಬೆರಳಿನಿಂದ ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದಳು. ಹುಡುಗಿ ಹೋದ ಮೇಲೆ ಮೇಜಿನ ಈಚೆಗೆ ಬಂದು ದನಿ ತಗ್ಗಿಸಿದಳು.

“ಕೇಳೇ ತಂಗಿ, ರೆಪ್ಪೆ ಒಳಗೆ ಕೆಂಪಗಿರಬೇಕು. ನಿನ್ನ ಮಗಳಿಗೆ ಸುಣ್ಣದ ಹಾಗಿದೆ. ನನ್ನ ಸೊಸೆಗೂ ಹಿಂಗೇ ಆಗಿತ್ತು. ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗು. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡ್ತಾರೆ, ದುಡ್ಡೂ ತಗೊಳಲ್ಲ. ಅಲ್ಲೀವರೆಗೆ ಈ ಸೊಪ್ಪಾದ್ರೂ ಬೇಯಿಸಿ ಹಾಕು.”

ಕೊನೆಯ ಮಾತೊಂದನ್ನು ಆಡದಿದ್ದರೆ ಬಹುಶಃ ಮಿಷನಕ್ಕ ಕೇಳುತ್ತಿದ್ದಳು. ಸೊಪ್ಪು ಎಂದ ಕೂಡಲೇ ಅವಳ ಕಿವಿಗೆ ಹಿಂದಿನ ಬೆಂಚಿನವರ ನಗು ಬಂದು ಬಡಿಯಿತು.

“ನನ್ನ ಮಗಳಿಗೆ ಏನೂ ಆಗಿಲ್ಲ. ಬೆಳ್ಳಗಿದಾಳೆ ಅಂತ ನಿಮಗೆ ಹೊಟ್ಟೆಕಿಚ್ಚಾ? ಕಸ ತಿಂದು ಬೆಳೆಯೋ ಗತಿ ಅವಳಿಗೆ ಬಂದಿಲ್ಲ.”

ಮೇಜಿನ ಸುತ್ತ ಚಾಕುಗಳು ನಿಂತವು. ಚೀಲದಕ್ಕ ತನ್ನ ಜಾಗಕ್ಕೆ ಹೋಗಿ ನಿಂತಳು. ಅಂದಿನಿಂದ ಇಬ್ಬರಿಗೂ ಮಾತು ನಿಂತಿತು. ಎದುರುಬದುರು ನಿಂತು ಕೆಲಸ ಮಾಡುವವರು ಮಾತು ಬಿಟ್ಟರೆ ಆ ಮೇಜು ಎಷ್ಟು ಉದ್ದವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಹಾಗೇ ಒಂದು ವರ್ಷ ಕಳೆಯಿತು.

ಅಗ್ನಿಶಾಮಕ ದಳದ ಆಯ್ಕೆ ಬಂತು. ಲಿಖಿತ ಪರೀಕ್ಷೆಯಲ್ಲಿ ದೊಡ್ಡವಳು ಮುಂದಿನ ಸಾಲಿನಲ್ಲೇ ಪಾಸಾದಳು. ಓಟದಲ್ಲಿ ಕೊನೆಯ ಸುತ್ತಿಗೆ ತುಟಿ ಬಿಳಿಚಿಕೊಂಡರೂ ಹಲ್ಲು ಕಚ್ಚಿ ಗೆರೆ ದಾಟಿದಳು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಅಪ್ಪ ಡಿಪೋದಲ್ಲೆಲ್ಲ ಮಿಠಾಯಿ ಹಂಚಿ ಬಂದ. ಇನ್ನು ಉಳಿದದ್ದು ವೈದ್ಯಕೀಯ ತಪಾಸಣೆ. ಅದೇನು ಮಹಾ ಎಂದುಕೊಂಡರು.

ತಪಾಸಣೆಯ ದಿನ ಸಂಜೆ ಮಿಷನಕ್ಕ ಮನೆಗೆ ಬಂದಾಗ ಮಗಳು ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ಕೂತಿದ್ದಳು.

“ರಕ್ತ ಕಡಿಮೆ ಇದೆಯಂತೆ ಅಮ್ಮ. ತುಂಬಾ ಕಡಿಮೆ. ಡಾಕ್ಟ್ರು ಕೇಳಿದ್ರು, ಇಷ್ಟು ಇಟ್ಕೊಂಡು ಹೆಂಗಮ್ಮ ಓಡಿದೆ ಅಂತ.”

“ಅಂದ್ರೆ? ತೆಗೀಲಿಲ್ವಾ?”

“ತಿಂಗಳು ಬಿಟ್ಟು ಇನ್ನೊಂದು ಸಲ ನೋಡ್ತಾರಂತೆ. ಆಗ್ಲೂ ಆಗ್ಲಿಲ್ಲ ಅಂದ್ರೆ ಮುಂದಿನವರಿಗೆ ಕೊಡ್ತಾರೆ. ಮುಂದಿನ ಆಯ್ಕೆ ಹೊತ್ತಿಗೆ ನನ್ನ ವಯಸ್ಸು ಮೀರುತ್ತೆ ಅಮ್ಮ. ಇದೇ ಕೊನೇದು.”

ಸುಣ್ಣದ ಹಾಗಿದೆ ಎಂದ ಚೀಲದಕ್ಕನ ದನಿ ಮಿಷನಕ್ಕನ ಕಿವಿಯಲ್ಲೇ ಇತ್ತು. ಮಗಳ ಮುಖ ನೋಡಲು ಧೈರ್ಯ ಸಾಲದೆ ಅವಳು ಬೂಟಿನ ದಾರ ಬಿಚ್ಚುತ್ತ ಕೂತಳು.

ಮರುದಿನವೇ ಗಂಡ, ಹೆಂಡತಿ, ದೊಡ್ಡವಳು ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿನ ನರ್ಸಮ್ಮ ನಡುವಯಸ್ಸಿನವಳು, ಮಾತು ಖಡಕ್ಕು. ಹುಡುಗಿಯ ರಕ್ತ ನೋಡಿದಳು, ಉಗುರು ನೋಡಿದಳು, ಆಮೇಲೆ ಕೇಳಿದಳು: “ಹಸಿ ಅಕ್ಕಿ, ಸೀಮೆಸುಣ್ಣ, ಮಂಜುಗಡ್ಡೆ, ಇಂಥದ್ದೇನಾದ್ರೂ ಅಗೀಬೇಕು ಅನ್ಸುತ್ತಾ?”

ಹುಡುಗಿ ನಾಚಿ ತಲೆ ತಗ್ಗಿಸಿದಳು. ಮಿಷನಕ್ಕ ಬೆಚ್ಚಿದಳು. “ಅಕ್ಕಿ ತಿಂತಾಳೆ. ನಾನು ಹೊಡೀತಿದ್ದೆ.”

“ಹೊಡೀಬಾರ್ದಿತ್ತು. ಮೈಗೆ ಕಬ್ಬಿಣದ ಅಂಶ ಸಾಲದೇ ಇದ್ರೆ ಎಷ್ಟೋ ಜನಕ್ಕೆ ಹಿಂಗಾಗುತ್ತೆ. ಪ್ರತಿ ತಿಂಗಳು ಮುಟ್ಟಲ್ಲಿ ಹೆಣ್ಣುಮಕ್ಕಳ ಮೈಯಿಂದ ರಕ್ತ ಹೋಗೋದು ಇದ್ದೇ ಇರುತ್ತೆ. ಊಟದಲ್ಲಿ ವಾಪಸ್ ಬರಬೇಕಲ್ಲ? ಮನೇಲಿ ಏನು ತಿಂತೀರಿ?”

ಮಿಷನಕ್ಕ ಹೇಳಿದಳು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಬ್ರೆಡ್ಡು, ಚಹಾ, ಬಿಸ್ಕತ್ತು, ಕುರುಕಲು, ಪೊಟ್ಟಣದ ಸಾರು. ಬಾಯಿಬಿಟ್ಟು ಸಾಲಾಗಿ ಹೇಳಿದಾಗ ಅದರಲ್ಲಿ ಊಟ ಎನ್ನುವಂಥದ್ದೇ ಇರಲಿಲ್ಲ.

ಗಂಡ ಮಧ್ಯೆ ಬಾಯಿ ಹಾಕಿದ. “ನೋಡಿ ಸಿಸ್ಟರ್, ನಾವು ದೊಡ್ಡ ಊರಲ್ಲಿ ಬಾಡಿಗೆ ಕಟ್ಕೊಂಡು ಬದುಕೋರು. ಹಣ್ಣು, ಹಾಲು, ಬಾದಾಮಿ ಅಂದ್ರೆ ನಮ್ಮಂಥೋರಿಗೆ ಎಲ್ಲಿಂದ ಬರಬೇಕು?”

“ಬಾದಾಮಿ ಅಂದಿದ್ದು ನೀವು, ನಾನಲ್ಲ” ಎಂದಳು ನರ್ಸಮ್ಮ. “ಒಂದು ವಾರಕ್ಕೆ ಈ ಬಣ್ಣದ ಪೊಟ್ಟಣಗಳಿಗೆ ಎಷ್ಟು ಸುರಿತೀರಿ ಅಂತ ನೀವೇ ಲೆಕ್ಕ ಹಾಕಿ, ನಂಗೆ ಹೇಳ್ಬೇಡಿ. ಅದೇ ದುಡ್ಡಲ್ಲಿ ಬೇಳೆ ಬರುತ್ತೆ, ಕಾಳು ಬರುತ್ತೆ, ವಾರದಲ್ಲಿ ನಾಲ್ಕಾರು ದಿನ ಎಲ್ಲರಿಗೂ ಮೊಟ್ಟೆ ಬರುತ್ತೆ. ಕಾಳನ್ನ ನೆನೆಸಿ ಒದ್ದೆ ಬಟ್ಟೇಲಿ ಕಟ್ಟಿಟ್ರೆ ಮೊಳಕೆ ಬರುತ್ತೆ, ಅದಕ್ಕೆ ಗ್ಯಾಸೂ ಬೇಡ. ಸೊಪ್ಪಂತೂ ಎಲ್ಲಕ್ಕಿಂತ ಅಗ್ಗ. ಮೇಲೆ ನಿಂಬೆಹಣ್ಣು ಹಿಂಡ್ಕೊಳಿ, ಆಗ ಸೊಪ್ಪಲ್ಲಿರೋ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ. ಆಮೇಲೆ ಈ ಚಹಾ. ಊಟದ ಜೊತೆಗೆ, ಊಟ ಆದ ತಕ್ಷಣ ಕುಡೀಬೇಡಿ. ತಿಂದಿದ್ದನ್ನ ಮೈಗೆ ಹತ್ತೋಕೆ ಬಿಡಲ್ಲ ಅದು. ಒಂದೆರಡು ಗಂಟೆ ಬಿಟ್ಟು ಬೇಕಾದ್ರೆ ಕುಡೀರಿ.”

“ಇಷ್ಟು ತಿಂದ್ರೆ ಸಾಕಾ?” ಎಂದಳು ಮಿಷನಕ್ಕ ಆಸೆಯಿಂದ.

“ಇವಳಿಗೆ ಸಾಲದು. ಇಷ್ಟು ಇಳಿದ ಮೇಲೆ ಬರೀ ಊಟದಲ್ಲಿ ಮೇಲೇಳಲ್ಲ. ಡಾಕ್ಟ್ರು ಮಾತ್ರೆ ಕೊಡ್ತಾರೆ, ಜಂತುಹುಳಕ್ಕೂ ಕೊಡ್ತಾರೆ. ರಕ್ತ ಸರಿ ಬಂತು ಅಂತ ಅರ್ಧಕ್ಕೆ ನಿಲ್ಲಿಸಬಾರದು, ಅವರು ಹೇಳೋವರೆಗೆ ತಿಂಗಳುಗಟ್ಟಲೆ ತಗೋಬೇಕು.”

“ಒಂದು ತಿಂಗಳಲ್ಲಿ ಸರಿ ಹೋಗುತ್ತಾ?”

ನರ್ಸಮ್ಮ ಹುಡುಗಿಯನ್ನೊಮ್ಮೆ ನೋಡಿದಳು, ತಾಯಿಯನ್ನೊಮ್ಮೆ ನೋಡಿದಳು. ಖಡಕ್ಕು ದನಿ ಮೆತ್ತಗಾಯಿತು. “ಏರುತ್ತಮ್ಮ. ಎಷ್ಟು ಏರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಹೋದ ವರ್ಷ ಬಂದಿದ್ರೆ ಇಷ್ಟು ಹೊತ್ತಿಗೆ ಗುಂಡುಕಲ್ಲಿನ ಹಾಗಿರ್ತಿದ್ಲು.”

ಹೋದ ವರ್ಷ! ಆ ಎರಡು ಮಾತು ಮಿಷನಕ್ಕನ ಎದೆಗೆ ನೆಟ್ಟಂತಾಯಿತು.

ಅದೇ ದಿನ ಸಂಜೆ ಅಂಗಡಿಯಲ್ಲಿ ಎಲ್ಲರೂ ಬಲೆಟೋಪಿ ತೆಗೆಯುತ್ತಿದ್ದಾಗ ಅವಳು ಮೇಜಿನ ಆಚೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

“ಅಕ್ಕ, ಆ ಎಲೇನ ಹೆಂಗೆ ಮಾಡೋದು?”

ಚೀಲದಕ್ಕ ಅವಳ ಮುಖ ನೋಡಿದಳು. ನಾನು ಆಗಲೇ ಹೇಳಿರಲಿಲ್ಲವೇ ಎನ್ನಬಹುದಿತ್ತು. ಮೇಕೆ ಕಟ್ಟಿದೆಯಾ ಎಂದು ತಿರುಗಿ ಚುಚ್ಚಬಹುದಿತ್ತು. ನಾನಾಗಿದ್ದರೆ ಚುಚ್ಚಿಯೇ ಚುಚ್ಚುತ್ತಿದ್ದೆ. ಅವಳು ತನ್ನ ಚೀಲವನ್ನು ಮೇಜಿನ ಮೇಲೆ ಸುರಿದಳು.

“ಬಾ ಇಲ್ಲಿ. ಮೊದಲು ಒಂದು ಮಾತು ತಿಳ್ಕೋ. ನೆಲಕ್ಕೆ ಬಿದ್ದಿದ್ದು, ಬಾಡಿದ್ದು, ಕಪ್ಪಾಗಿದ್ದು ಮೇಕೆಗೆ. ಹೆಚ್ಚೋ ಮುಂಚೆ ಮೇಜಿನ ಮೇಲೇ ಬಿಡಿಸಿ ಬುಟ್ಟಿಗೆ ಹಾಕ್ಕೊಂಡಿದ್ದು ನಮಗೆ. ಇದು ಕಸ ಅಲ್ಲ ಕಣೇ. ಡಬ್ಬೀಲಿ ಜಾಗ ಇಲ್ಲ ಅಂತ ಉಳಿದಿರೋದು ಅಷ್ಟೇ. ಮನೆಗೆ ಹೋಗಿ ಮೂರು ಸಲ ನೀರು ಬದಲಾಯಿಸಿ ತೊಳಿ, ಮಣ್ಣೂ ಹೋಗುತ್ತೆ, ಹೊಡೆದ ಔಷಧೀನೂ ಆದಷ್ಟು ಹೋಗುತ್ತೆ. ದಂಟು ಮೊದಲು ಹಾಕು, ಅದು ಬೇಯೋಕೆ ಹೊತ್ತು ಬೇಕು. ಎಲೆ ಆಮೇಲೆ. ನೀರು ಕಡಿಮೆ ಹಾಕು, ಬೇಯಿಸಿದ ನೀರು ಚೆಲ್ಲಬೇಡ, ಬೇಳೆಗೆ ಸೇರಿಸು. ಕುಂಬಳದ ಬೀಜ ತೊಳೆದು ಒಣಗಿಸಿ ಹುರಿ, ನಿನ್ನ ಚಿಕ್ಕವಳು ಆ ಕುರುಕಲು ಕೇಳೋದೇ ಬಿಡ್ತಾಳೆ.”

ಮಿಷನಕ್ಕ ಸೊಪ್ಪನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಈರುಳ್ಳಿಗೆ ಬಾರದ ಕಣ್ಣೀರು ಆಗ ಬಂತು. “ಅವತ್ತು ನಾನು ಆಡಬಾರದ ಮಾತು ಆಡಿಬಿಟ್ಟೆ ಅಕ್ಕ.”

“ಆಡಿದೆ” ಎಂದಳು ಚೀಲದಕ್ಕ. “ನಾನೂ ಕೋಪ ಮಾಡ್ಕೊಂಡು ಸುಮ್ಮನಾಗಿಬಿಟ್ಟೆ. ಇನ್ನೊಂದು ಸಲ ಹೇಳಬೇಕಿತ್ತು. ಹತ್ತು ಸಲ ಹೇಳಬೇಕಿತ್ತು. ನಡಿ ಈಗ, ಸೊಪ್ಪು ಬಾಡುತ್ತೆ.”

ಆ ತಿಂಗಳು ಮಿಷನಕ್ಕನ ಒಲೆ ಕಂಡಷ್ಟು ಹಸಿರನ್ನು ಹಿಂದೆಂದೂ ಕಂಡಿರಲಿಲ್ಲ. ಬೇಳೆಗೆ ಸೊಪ್ಪು, ಅನ್ನಕ್ಕೆ ಸೊಪ್ಪು, ಮೊಟ್ಟೆಗೆ ಸೊಪ್ಪು. “ಇನ್ನು ನನಗೆ ಕೊಂಬು ಬರೋದೊಂದು ಬಾಕಿ” ಎಂದು ಗಂಡ ಗೊಣಗಿದ, ಗೊಣಗುತ್ತಲೇ ಇನ್ನೊಂದು ಸೌಟು ಹಾಕಿಸಿಕೊಂಡ. ಸಂಜೆಯ ಬಿಸ್ಕತ್ತಿನ ಜಾಗದಲ್ಲಿ ಮೊಳಕೆ ಕಾಳು ಬಂತು. ಚಿಕ್ಕವಳು ಮೊದಲೆರಡು ದಿನ ರಂಪ ಮಾಡಿ, ಆಮೇಲೆ ಹುರಿದ ಬೀಜಕ್ಕೆ ಒಲಿದಳು. ಊಟವಾದ ಕೂಡಲೇ ಚಹಾ ಕೇಳುವ ಬಾಯಿಗಳನ್ನು ಮಿಷನಕ್ಕ ಕಣ್ಣಲ್ಲೇ ಮುಚ್ಚಿಸಿದಳು. ವಾರದ ಖರ್ಚು ಏರಲಿಲ್ಲ. ಗಂಡ ಬೆರಳು ಮಡಚಿ ಎರಡು ಸಲ ಎಣಿಸಿ, ಕೈಯಲ್ಲಿ ಸ್ವಲ್ಪ ಉಳಿದಿದೆ ಎಂದು ತಾನೇ ಬೆರಗಾದ.

ಮಾತ್ರೆಯನ್ನೂ ತಪ್ಪದೆ ನುಂಗಿದ ದೊಡ್ಡವಳ ತುಟಿಗೆ ಬಣ್ಣ ಬಂತು. ಹಸಿ ಅಕ್ಕಿಯ ಆಸೆ ತಾನಾಗಿ ಬಿಟ್ಟುಹೋಯಿತು. ಒಂದು ಬೆಳಗ್ಗೆ ಕ್ಯಾನು ಹೊತ್ತು ಕೊನೆಯ ಮಹಡಿಯವರೆಗೆ ಗೋಡೆ ಮುಟ್ಟದೆ ಹತ್ತಿ, ಮೇಲಿನಿಂದ “ಅಮ್ಮಾ!” ಎಂದು ಕೂಗಿದಳು. ಕೆಳಗೆ ನಿಂತಿದ್ದ ಮಿಷನಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎಲ್ಲ ಸರಿಹೋಯಿತು ಎಂದೇ ಎಲ್ಲರೂ ನಂಬಿದರು.

ಸರಿಹೋಗಿರಲಿಲ್ಲ. ಮರುತಪಾಸಣೆಯ ದಿನ ರಕ್ತ ಏರಿತ್ತು, ಚೆನ್ನಾಗಿಯೇ ಏರಿತ್ತು. ಬೇಕಾದ ಮಟ್ಟಕ್ಕೆ ಮಾತ್ರ ಇನ್ನೂ ಸ್ವಲ್ಪ ಕಡಿಮೆ. ಡಾಕ್ಟರು ಒಳ್ಳೆಯವರು, ಅದೇ ರಕ್ತವನ್ನು ಮತ್ತೊಮ್ಮೆ ನೋಡಿದರು. ಅಷ್ಟೇ ಬಂತು. “ಇನ್ನು ಎರಡು ತಿಂಗಳು ಇದ್ದಿದ್ರೆ ನೀನು ಗೆದ್ದಿರ್ತಿದ್ದೆ ಮಗಳೇ” ಎಂದರು. ಆದರೆ ತರಬೇತಿ ಶುರುವಾಗುವುದು ಎರಡು ವಾರಕ್ಕೆ. ಅವಳ ಜಾಗಕ್ಕೆ ಪಟ್ಟಿಯಲ್ಲಿ ಅವಳ ಹಿಂದಿದ್ದ ಹುಡುಗಿ ಹೋದಳು. ಹೋಗಲಿ ಬಿಡಿ, ಆ ಹುಡುಗಿಯದೇನು ತಪ್ಪು?

ಮನೆಗೆ ಬಂದು ದೊಡ್ಡವಳು ಅಳಲಿಲ್ಲ. ಅದೇ ಮಿಷನಕ್ಕನಿಗೆ ತಡೆಯಲಾಗದೆ ಹೋದದ್ದು. ತಟ್ಟೆ ಮುಂದಿಟ್ಟುಕೊಂಡು, ಅನ್ನ ಕಲಸುತ್ತ ಮಗಳೇ ಕೇಳಿದಳು.

“ಚೀಲದತ್ತೆ ಅವತ್ತು ನನ್ನ ಕಣ್ಣು ನೋಡಿದ್ರಲ್ಲ ಅಮ್ಮ. ನಾನು ಹೋದ ಮೇಲೆ ನಿಂಗೆ ಏನಾದ್ರೂ ಹೇಳಿದ್ರಾ?”

ಇಲ್ಲ ಎಂದುಬಿಡಬಹುದಿತ್ತು. ಬಾಯಿಯವರೆಗೆ ಬಂದೂ ಇತ್ತು. ಗಂಡ ತಲೆ ಎತ್ತಿ ನೋಡಿದ, ಅವನಿಗೂ ಅದು ಗೊತ್ತಿರಲಿಲ್ಲ.

“ಹೇಳಿದ್ರು” ಎಂದಳು ಮಿಷನಕ್ಕ. “ರಕ್ತ ತೋರಿಸು ಅಂದ್ರು. ಸೊಪ್ಪು ತಗೊಂಡು ಹೋಗು ಅಂದ್ರು. ನಾನೇ ತರಲಿಲ್ಲ. ನಾನು ಚಿಕ್ಕವಳಿದ್ದಾಗ ನಿಮ್ಮಜ್ಜಿ ನೆಲದ ಮೇಲಿಂದ ಆರಿಸಿ ತಂದು ಹಾಕ್ತಿದ್ಲು. ಎಲ್ಲರೂ ನನ್ನ ನೋಡಿ ನಗೋರು. ನಿನ್ನ ನೋಡಿ ಯಾರೂ ನಗಬಾರದು ಅಂತ...”

ದೊಡ್ಡವಳು ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು. ಆಮೇಲೆ ಕೋಪವಿಲ್ಲದ ದನಿಯಲ್ಲಿ ಹೇಳಿದಳು.

“ನಂಗೆ ಹೇಳಿದ್ರೆ ನಾನೇ ಬಂದು ಚೀಲ ಹೊತ್ಕೊಂಡು ಹೋಗ್ತಿದ್ದೆ ಅಮ್ಮ. ನಂಗೇನೂ ನಾಚಿಕೆ ಇರಲಿಲ್ಲ.”

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮಕ್ಕಳ ಮಾನ ಕಾಯುತ್ತಿದ್ದೇನೆ ಎಂದುಕೊಂಡು ಅವಳು ಇಷ್ಟು ವರ್ಷ ಕಾದದ್ದು ತನ್ನ ಮಾನವನ್ನು. ಮಗಳಿಗೆ ಅದರ ಗರಜೇ ಇರಲಿಲ್ಲ. ಆ ಮಗಳು ಈಗ ಸಾಮಾನು ತುಂಬುವ ಗೋದಾಮಿನಲ್ಲಿ ಕೆಲಸ ಮಾಡುತ್ತಾಳೆ. ಎರಡು ತಿಂಗಳ ನಂತರ ರಕ್ತ ಪೂರ್ತಿ ಸರಿಯಾಯಿತು, ಡಾಕ್ಟರು ಹೇಳಿದ ಹಾಗೆಯೇ. ಗುಂಡುಕಲ್ಲಿನ ಹಾಗಿದ್ದಾಳೆ. ಭಾರದ ಪೆಟ್ಟಿಗೆಗಳನ್ನು ಆಡುತ್ತ ಎತ್ತುತ್ತಾಳೆ, ನಗುತ್ತಾಳೆ, ತಾಯಿಯೊಂದಿಗೆ ಚೆನ್ನಾಗಿಯೇ ಮಾತಾಡುತ್ತಾಳೆ. ಅಗ್ನಿಶಾಮಕ ದಳದ ಮಾತು ಮಾತ್ರ ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮಿಷನಕ್ಕ ಚಿಕ್ಕವಳನ್ನೂ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತೋರಿಸಿದಳು. ಅವಳಿಗೂ ರಕ್ತ ಕಡಿಮೆಯೇ ಇತ್ತು, ಆದರೆ ಬೇಗ ಸಿಕ್ಕಿತು, ಬೇಗ ಸರಿಹೋಯಿತು. ಅದರಿಂದ ಸಮಾಧಾನ ಆಗಬೇಕು, ಆಗುತ್ತದೆ ಕೂಡ. ದೊಡ್ಡವಳ ಮುಖ ನೋಡಿದಾಗ ಆ ಸಮಾಧಾನ ಅರ್ಧಕ್ಕೇ ನಿಲ್ಲುತ್ತದೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಮ್ಮ, ನಿಮ್ಮ ಮನೆಯ ಕಥೆ ಹೀಗಾಗುವುದು ಬೇಡ. ಪಟ್ಟಣದ ಬಾಡಿಗೆ, ಬಸ್ಸಿನ ಖರ್ಚು, ಶಾಲೆಯ ಫೀಸು ಎಲ್ಲ ನಮಗೂ ಗೊತ್ತಿದೆ. ಚೆನ್ನಾಗಿ ತಿನ್ನಲು ಜೇಬು ದೊಡ್ಡದಿರಬೇಕಿಲ್ಲ. ಈ ವಾರ ಪೊಟ್ಟಣದ ತಿಂಡಿಗೆ ತೆಗೆದಿಟ್ಟ ದುಡ್ಡಿನಲ್ಲಿ ಅರ್ಧವನ್ನು ಬೇಳೆ, ಕಾಳು, ಮೊಟ್ಟೆಯ ಕಡೆಗೆ ತಿರುಗಿಸಿ ನೋಡಿ. ತಾಜಾ ಎಲೆಯನ್ನು, ಸೊಟ್ಟ ತರಕಾರಿಯನ್ನು ಕೀಳಾಗಿ ಕಾಣಬೇಡಿ. ಚೆನ್ನಾಗಿ ತೊಳೆಯಿರಿ, ನಿಂಬೆ ಹಿಂಡಿಕೊಂಡು ತಿನ್ನಿ, ಚಹಾವನ್ನು ಊಟದಿಂದ ದೂರ ಇಡಿ. ಮನೆಯಲ್ಲಿ ಯಾರಿಗಾದರೂ ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು, ಕಣ್ಣುರೆಪ್ಪೆಯ ಒಳಗೆ ಬಿಳುಪು ಕಂಡರೆ, ತಿನ್ನಬಾರದ್ದನ್ನು ಅಗಿಯುವ ಆಸೆ ಇದ್ದರೆ, ಬೈಯಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ನೆರೆಯವರ ಮಗುವಿನಲ್ಲಿ ಇದನ್ನು ಕಂಡರೆ ಹೇಳಿ, ಬೈಸಿಕೊಂಡರೂ ಇನ್ನೊಂದು ಸಲ ಹೇಳಿ.

ನಾಳೆ ಹೋದರಾಯಿತು ಎಂದು ಅನಿಸಬಹುದು. ಆರೋಗ್ಯ ಕೇಂದ್ರ ನಾಳೆಯೂ ತೆರೆದಿರುತ್ತದೆ, ನಾಡಿದ್ದೂ ತೆರೆದಿರುತ್ತದೆ. ನಿಮ್ಮ ಮಕ್ಕಳ ವಯಸ್ಸು ಮಾತ್ರ ನಿಮಗಾಗಿ ಕಾಯುವುದಿಲ್ಲ. ಇವತ್ತೇ ಹೋಗಿ.